ನಾಲ್ಕೂವರೆ ಪೌಂಡಿನ ಲೆಕ್ಕ: ಸ್ಪರ್ಧೆಯ ರೈಫಲ್ಲಿಗೆ ಹೊಸ ಟ್ರಿಗರ್ ಬಂದ ಬಗೆ

ಅಮೆರಿಕದ ಒಹಾಯೊ ರಾಜ್ಯದಲ್ಲಿ, ಈರಿ ಸರೋವರದ ದಂಡೆಗಿರುವ ಕ್ಯಾಂಪ್ ಪೆರಿಯ ಸರ್ವಿಸ್ ರೈಫಲ್ (ಸೇನೆಯ ಮಾದರಿಯ ರೈಫಲ್) ಸ್ಪರ್ಧೆಗಳಲ್ಲಿ ಬಂದೂಕಿಗೆ ಒಂದು ಸಣ್ಣ ಪರೀಕ್ಷೆ ಇರುತ್ತದೆ. ಖಾಲಿ ರೈಫಲ್ಲಿನ ಹ್ಯಾಮರ್ ಏರಿಸಿ, ನಳಿಗೆಯನ್ನು ಆಕಾಶದ ಕಡೆಗೆ ನೆಟ್ಟಗೆ ಹಿಡಿದು, ಕೆಳಗಿಟ್ಟ ನಾಲ್ಕೂವರೆ ಪೌಂಡಿನ ತೂಕದ ಕೊಕ್ಕೆಯನ್ನು ಟ್ರಿಗರಿಗೆ ಸಿಕ್ಕಿಸಿ ನಿಧಾನವಾಗಿ ಮೇಲೆತ್ತಬೇಕು. ತೂಕ ನೆಲ ಬಿಟ್ಟು ಏಳಬೇಕು, ಹ್ಯಾಮರ್ ಮಾತ್ರ ಬೀಳಬಾರದು. ಒಳಗಿನಿಂದ ಠಕ್ಕೆಂಬ ಸದ್ದು ಬಂದರೆ ಆ ರೈಫಲ್ ಅನುತ್ತೀರ್ಣ. ಎಂದರೆ, ಟ್ರಿಗರ್ ಎಳೆಯಲು ಕನಿಷ್ಠ ಅಷ್ಟು ಬಲ ಬೇಕೆಂಬುದು ನಿಯಮ. ಇಂದು ಮಾರುಕಟ್ಟೆಯಲ್ಲಿ ಹತ್ತಾರು ಬಗೆಯ ಟ್ರಿಗರುಗಳಿದ್ದು, ಯಾವುದು ಮೇಲೆಂಬ ವಾದ ಬಗೆಹರಿಯದೆ ಉಳಿದಿರುವುದಕ್ಕೆ, ಸುಮಾರು ಎರಡು ಕಿಲೋ ತೂಗುವ ಈ ಕಬ್ಬಿಣದ ತುಂಡಿನ ಪಾಲು ದೊಡ್ಡದು.

(ಕನ್ನಡದಲ್ಲಿ ಬಂದೂಕಿನ 'ಕುದುರೆ' ಎಂಬ ಒಳ್ಳೆಯ ಮಾತಿದೆ. ಆದರೆ ಬೆರಳಿನಿಂದ ಎಳೆಯುವ ಭಾಗಕ್ಕೂ ಬಡಿಯುವ ಭಾಗಕ್ಕೂ ಅದನ್ನೇ ಬಳಸುವುದರಿಂದ ಇಲ್ಲಿ ಟ್ರಿಗರ್, ಹ್ಯಾಮರ್ ಎಂದೇ ಬರೆಯಬೇಕಾಗಿದೆ.)

ಅಮೆರಿಕದ ರಾಷ್ಟ್ರೀಯ ಸ್ಪರ್ಧೆಗಳು 1903ರಲ್ಲಿ ಆರಂಭವಾಗಿ, 1907ರಲ್ಲಿ ಕ್ಯಾಂಪ್ ಪೆರಿಗೆ ಬಂದವು. ಸೈನಿಕ ಹೊರುವ ರೈಫಲ್ಲಿನಲ್ಲೇ ಗುರಿಗಾರಿಕೆಯನ್ನು ಅಳೆಯಬೇಕೆಂಬುದು ಅವುಗಳ ಮೂಲ ಆಶಯ. ಸ್ಪ್ರಿಂಗ್‌ಫೀಲ್ಡ್, 1936ರಲ್ಲಿ ಸೇನೆ ಒಪ್ಪಿಕೊಂಡ ಗರಾಂಡ್, 1957ರ ಎಂ-14 ಹೀಗೆ ರೈಫಲ್ಲುಗಳು ಬದಲಾದರೂ, ಜರ್ಮನಿಯ ಮೌಸರ್ ಕಾಲದಿಂದ ಬಂದ ಎರಡು ಹಂತದ ಟ್ರಿಗರ್ ಮಾತ್ರ ಉಳಿದುಕೊಂಡಿತು. ಅದರಲ್ಲಿ ಬೆರಳು ಮೊದಲು ಸ್ವಲ್ಪ ದೂರ ಸಲೀಸಾಗಿ ಹಿಂದಕ್ಕೆ ಬಂದು, ಗೋಡೆ ತಾಗಿದಂತೆ ಒಂದು ಕಡೆ ನಿಲ್ಲುತ್ತದೆ. ಅಲ್ಲಿಂದ ಮುಂದೆ ಒಂದಿಷ್ಟು ಒತ್ತಡ ಸೇರಿದರೆ ಗುಂಡು ಹಾರುತ್ತದೆ.

1960ರ ದಶಕದಲ್ಲಿ ಸೇನೆ ಎಂ-16ಕ್ಕೆ ಹೊರಳಿದಾಗ ಈ ಎರಡು ಹಂತ ಬಿಟ್ಟುಹೋಯಿತು. ಹೊಸ ರೈಫಲ್ಲಿನದು ಒಂದೇ ಹಂತದ, ಕೆಲವೇ ಬಿಡಿಭಾಗಗಳ, ಕೆಸರಿನಲ್ಲೂ ನಂಬಬಹುದಾದ ಟ್ರಿಗರ್. ಸೈನಿಕನಿಗೆ ಅಷ್ಟು ಸಾಕು, ಅದನ್ನು ಲೋಪವೆನ್ನಲಾಗದು. ಆದರೆ 200 ಗಜ ದೂರದಲ್ಲಿ, ಯಾವ ಆಸರೆಯೂ ಇಲ್ಲದೆ ನಿಂತು, ಏಳು ಇಂಚು ಅಗಲದ ಹತ್ತಂಕದ ವೃತ್ತಕ್ಕೆ ಗುರಿಯಿಡುವವನ ಅಗತ್ಯವೇ ಬೇರೆ. ರೈಫಲ್ ಸದಾ ತೂಗಾಡುತ್ತಿರುವುದರಿಂದ ಅದು ನಡುವಿಗೆ ಬಂದ ಗಳಿಗೆಯಲ್ಲೇ ಗುಂಡು ಹೊರಡಬೇಕು. ಎಂ-16ರ ಟ್ರಿಗರಿನ ಮೂತಿ ಹ್ಯಾಮರಿನ ಚಡಿಯಲ್ಲಿ ಆಳವಾಗಿ ಕಚ್ಚಿಕೊಂಡಿರುತ್ತದೆ. ಎಳೆದಾಗ ಅದು ಬೀಸುವ ಕಲ್ಲಿಗೆ ಮರಳು ಸಿಕ್ಕಂತೆ ಕರಕರ ಎನ್ನುತ್ತ ಜಾರುವುದರಿಂದ, ಯಾವಾಗ ಬಿಡುತ್ತದೆಂಬುದು ಬೆರಳಿಗೆ ತಿಳಿಯುವುದಿಲ್ಲ.

1990ರ ದಶಕದ ನಡುವಿನಲ್ಲಿ ಸೇನೆಯ ಗುರಿಗಾರರ ತಂಡವೇ ಎಂ-16 ಹಿಡಿದು ಕ್ಯಾಂಪ್ ಪೆರಿಗೆ ಬಂದು ಗೆಲ್ಲತೊಡಗಿದ ಮೇಲೆ, ನಾಗರಿಕರೂ ಅದರ ಸೋದರ ರೈಫಲ್ಲಾದ ಎಆರ್-15ರತ್ತ ತಿರುಗಿದರು. ಟ್ರಿಗರಿನ ವ್ಯಾಪಾರ ಬೆಳೆದದ್ದು ಈ ತಿರುವಿನಲ್ಲಿ. ಮೊದಮೊದಲು ನಡೆದದ್ದು ಮನೆಮದ್ದು. ಚಡಿಯನ್ನು ಸಾಣೆಕಲ್ಲಿನಲ್ಲಿ ಉಜ್ಜಿ ನಯ ಮಾಡುವುದು, ಸ್ಪ್ರಿಂಗಿನ ಕಾಲು ಬಗ್ಗಿಸುವುದು, ಹಿಡಿಕೆಯ ಸ್ಕ್ರೂ ಕೂರುವ ರಂಧ್ರದಲ್ಲಿ ಇನ್ನೊಂದು ಚಿಕ್ಕ ಸ್ಕ್ರೂ ತಿರುಗಿಸಿ ಟ್ರಿಗರಿನ ಬಾಲವನ್ನು ಮೇಲೆತ್ತಿ ಕಚ್ಚುವ ಆಳವನ್ನು ಕಡಿಮೆ ಮಾಡುವುದು. ಕಾರ್ಖಾನೆಯ ಬಿಡಿಭಾಗಗಳಲ್ಲಿ ಗಡಸು ಇರುವುದು ಮೇಲ್ಪದರದಲ್ಲಿ ಮಾತ್ರ. ಕಲ್ಲು ಅದನ್ನು ದಾಟಿತೆಂದರೆ ಒಳಗಿನ ಮೆದು ಉಕ್ಕು ಬೇಗ ಸವೆಯುತ್ತದೆ. ಇಂದು ನಾಲ್ಕೂವರೆ ಪೌಂಡು ಎತ್ತಿದ ಟ್ರಿಗರ್ ಕೆಲವು ತಿಂಗಳಲ್ಲಿ ನಾಲ್ಕಕ್ಕೂ ನಿಲ್ಲದೆ ಹೋಗಬಹುದು. ಅದಕ್ಕಿಂತ ಕೆಟ್ಟದ್ದೆಂದರೆ, ನಿಮಿಷದೊಳಗೆ ಹತ್ತು ಗುಂಡು ಮುಗಿಸಬೇಕಾದ ಸುತ್ತಿನಲ್ಲಿ, ಬೆರಳು ಒಮ್ಮೆ ಎಳೆದರೆ ಎರಡು ಗುಂಡು ಹಾರುವುದು.

ಈ ಮನೆಮದ್ದಿಗೆ ಬದಲಾಗಿ ಬಂದವೇ ಬೇರೆಯಾಗಿ ತಯಾರಿಸಿದ ಸ್ಪರ್ಧಾ ಟ್ರಿಗರುಗಳು. ಮಿಲಾಜ್ಜೊ-ಕ್ರೀಗರ್, ಜ್ಯೂಯೆಲ್, ರಾಕ್ ರಿವರ್ ಮುಂತಾದವುಗಳ ಬಳಿಕ, 2000ದ ದಶಕದಲ್ಲಿ ಗೀಸ್ಲಿ ಟ್ರಿಗರುಗಳು ಗುರಿಗಾರರ ನಡುವೆ ಮನೆಮಾತಾದವು. ಎಂ-16 ಕೈಬಿಟ್ಟಿದ್ದ ಎರಡು ಹಂತಗಳನ್ನೇ ಇವು ಮರಳಿ ತಂದವು. ಗರಾಂಡ್ ಹಿಡಿದವನಿಗೆ ರೈಫಲ್ಲಿನ ಜೊತೆಯಲ್ಲೇ ಸಿಗುತ್ತಿದ್ದುದಕ್ಕೆ ಈಗ ಬೇರೆಯಾಗಿ ಇನ್ನೂರು ಮುನ್ನೂರು ಡಾಲರ್ ತೆರಬೇಕು.

ಇವುಗಳ ಜಾಣ್ಮೆ ಇರುವುದು ತೂಕವನ್ನು ಹಂಚುವ ರೀತಿಯಲ್ಲಿ. ನಿಯಮ ಕೇಳುವುದು ಒಟ್ಟು ನಾಲ್ಕೂವರೆ ಪೌಂಡು, ಅದು ಯಾವ ಹಂತದಲ್ಲಿ ಎಷ್ಟಿರಬೇಕೆಂದು ಕೇಳುವುದಿಲ್ಲ. ಮೊದಲ ಹಂತಕ್ಕೆ ಮೂರೂವರೆ ಅಥವಾ ನಾಲ್ಕು ಪೌಂಡು ಹೊರಿಸಿದರೆ, ಗೋಡೆ ತಾಗಿದ ಮೇಲೆ ಬೆರಳಿಗೆ ಉಳಿಯುವುದು ಅರ್ಧದಿಂದ ಒಂದು ಪೌಂಡು ಮಾತ್ರ. ಮೂತಿ ಚಡಿಯಿಂದ ಬಹುಪಾಲು ಜಾರಿ ಬರುವುದು ಮೊದಲ ಹಂತದಲ್ಲೇ. ಆಮೇಲೆ, ಗುಂಡು ಹಾರಿದ ಬಳಿಕ ಹ್ಯಾಮರನ್ನು ತಡೆದು ಹಿಡಿಯುವ ಡಿಸ್ಕನೆಕ್ಟರ್ ಎಂಬ ಇನ್ನೊಂದು ಕೊಂಡಿ ಹ್ಯಾಮರಿಗೆ ತಾಗಿ, ತನ್ನ ಸ್ಪ್ರಿಂಗಿನ ಬಲದಿಂದ ಆ ಗೋಡೆಯನ್ನು ಒಡ್ಡುತ್ತದೆ. ಟ್ರಿಗರ್ ಬಿಟ್ಟರೆ ಮೂತಿ ಮತ್ತೆ ಆಳಕ್ಕೆ ಕಚ್ಚಿಕೊಳ್ಳುವುದರಿಂದ ಸುರಕ್ಷತೆಗೂ ಕೊರತೆಯಿಲ್ಲ. ಒಂದೇ ಹಂತದ ಟ್ರಿಗರಿನಲ್ಲಿ ಇದೇ ನಾಲ್ಕೂವರೆ ಪೌಂಡನ್ನು ಬೆರಳು ಕೊನೆಯ ಗಳಿಗೆಯಲ್ಲಿ ಒಟ್ಟಿಗೇ ಹೊರಬೇಕಾಗುತ್ತದೆ. ಆದ್ದರಿಂದ ಪೆಟ್ಟಿಗೆಯ ಮೇಲೆ ಮುದ್ರಿಸಿದ ಒಟ್ಟು ತೂಕವನ್ನಷ್ಟೇ ನೋಡಿ ಎರಡು ಟ್ರಿಗರುಗಳನ್ನು ಹೋಲಿಸುವುದು, ಬೇಯಿಸಿ ನೋಡದೆ ಚೀಲದ ತೂಕದಿಂದಲೇ ಅಕ್ಕಿಯ ಗುಣ ಹೇಳಿದಂತೆ.

2016ರಲ್ಲಿ ಸರ್ವಿಸ್ ರೈಫಲ್ಲಿಗೆ ನಾಲ್ಕೂವರೆ ಪಟ್ಟು ಹಿಗ್ಗಿಸಿ ತೋರಿಸುವವರೆಗಿನ ದೂರದರ್ಶಕಕ್ಕೆ ಅನುಮತಿ ಸಿಕ್ಕಿತು. ಕಣ್ಣಿನ ತೊಂದರೆ ನೀಗಿತು, ಬೆರಳಿನ ಪರೀಕ್ಷೆ ಕಠಿಣವಾಯಿತು. ಹಿಂದೆ ಮಸುಕಾಗಿದ್ದ ತೂಗಾಟ ಈಗ ಸ್ಪಷ್ಟವಾಗಿ ಕಾಣುವುದರಿಂದ, ವೃತ್ತದ ನಡು ಬಂದೊಡನೆ ಟ್ರಿಗರನ್ನು ಕಸಿದೆಳೆಯುವ ಚಪಲ ಹೆಚ್ಚುತ್ತದೆ. ಗೋಡೆಗೆ ಬೆರಳು ಒರಗಿಸಿ ಕಾಯುವ ಅಭ್ಯಾಸಕ್ಕೆ ಬೆಲೆ ಬಂದದ್ದು ಹಾಗೆ.

ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯುವ ರೈಫಲ್ಲುಗಳ ಕಥೆ ಬೇರೆ. ಅಲ್ಲಿ ರೆಮಿಂಗ್ಟನ್ 700ರ ಟ್ರಿಗರ್ ಕೂರುವ ಜಾಗದ ಅಳತೆಯೇ ವಾಡಿಕೆಯಾಗಿ, ಟಿಮ್ನಿ, ಜ್ಯೂಯೆಲ್, ಟ್ರಿಗರ್‌ಟೆಕ್ ಎಲ್ಲರೂ ಅದಕ್ಕೇ ಹೊಂದುವಂತೆ ತಯಾರಿಸುತ್ತಾರೆ. ಟ್ರಿಗರ್ ಎಳೆಯಲು ಬೇಕಾದ ತೂಕ ಪೌಂಡಿನಿಂದ ಔನ್ಸಿಗೆ ಇಳಿಯುತ್ತದೆ. ಒಲಿಂಪಿಕ್ ಕ್ರೀಡೆಗಳಲ್ಲಿ, 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರ್ ಏರ್ ರೈಫಲ್ಲಿಗೆ ಟ್ರಿಗರಿನ ಕನಿಷ್ಠ ತೂಕವೆಂಬುದೇ ಇಲ್ಲ. ಅದೇ ಏರ್ ಪಿಸ್ತೂಲಿಗೆ 500 ಗ್ರಾಂ, ಒಲಿಂಪಿಕ್ಕಿನಲ್ಲಿಲ್ಲದ 300 ಮೀಟರ್ ಸ್ಟ್ಯಾಂಡರ್ಡ್ ರೈಫಲ್ಲಿಗೆ 1500 ಗ್ರಾಂ. ಹಗುರವಾದಷ್ಟೂ ಒಳ್ಳೆಯದೆಂಬ ನಂಬಿಕೆ ಈ ಲೋಕದಿಂದ ಸರ್ವಿಸ್ ರೈಫಲ್ಲಿನವರಿಗೂ ಅಂಟಿದೆ, ಅವರ ನಿಯಮ ಅದಕ್ಕೆ ಎಡೆಗೊಡದಿದ್ದರೂ.

ಅನುಭವಿಗಳು ಟ್ರಿಗರನ್ನು ನಾಲ್ಕೂವರೆ ಪೌಂಡಿಗೆ ಸರಿಯಾಗಿ ನಿಲ್ಲಿಸದೆ ಕೆಲವು ಔನ್ಸು ಹೆಚ್ಚೇ ಇಟ್ಟುಕೊಳ್ಳುತ್ತಾರೆ. ಸಾವಿರಾರು ಗುಂಡುಗಳ ಬಳಿಕ ಸ್ಪ್ರಿಂಗ್ ಸಡಿಲಗೊಳ್ಳುತ್ತದೆ, ತೂಕ ಎತ್ತುವವರ ಕೈಯೂ ಒಂದೇ ರೀತಿ ಇರುವುದಿಲ್ಲ. ಹಾಗಾಗಿ ಚೀಲದಲ್ಲಿ ಗುಂಡುಗಳ ಜೊತೆ ತಮ್ಮದೇ ಒಂದು ತೂಕವನ್ನೂ ಹೊತ್ತು ತಂದು, ಪರೀಕ್ಷೆಗೆ ಹೋಗುವ ಮುನ್ನ ಪಕ್ಕಕ್ಕೆ ಸರಿದು ಮೂರು ಸಲ ಎತ್ತಿ ನೋಡುತ್ತಾರೆ.