ಆಟದ ಕೈಗವಸು ಆಟದ ಸಾಮಾನಲ್ಲವೇ?

ಪ್ರಶ್ನೆ: ವಿಜಯಪುರದಲ್ಲಿ ನಮ್ಮದು ಕ್ರೀಡಾ ಸಾಮಗ್ರಿಗಳ ಅಂಗಡಿ. ಸೈಕಲ್ ಸವಾರರ ಕೈಗವಸುಗಳನ್ನು ಮೊದಲ ಬಾರಿ ಹೊರದೇಶದಿಂದ ತರಿಸುತ್ತಿದ್ದೇವೆ. ಮಾಲು ಕಳಿಸುವವರು ಇನ್ವಾಯ್ಸ್‌ನಲ್ಲಿ 9506 ಎಂದು, ಅಂದರೆ ಕ್ರೀಡಾ ಸಾಮಗ್ರಿಗಳ ಸುಂಕದ ಕೋಡ್ ಹಾಕಿದ್ದಾರೆ. ಮುಂಬೈಯ ಕಸ್ಟಮ್ಸ್ ಬ್ರೋಕರ್ ಅದು ನಡೆಯುವುದಿಲ್ಲ ಎನ್ನುತ್ತಾರೆ. ಯಾರ ಮಾತು ಸರಿ?

ಬ್ರೋಕರ್ ಮಾತು ಸರಿ. ಇದೇ ಪ್ರಶ್ನೆ ಬಾಗಲಕೋಟೆಯಿಂದ ಬರುತ್ತದೆ, ಬೆಳಗಾವಿಯ ಕ್ರಿಕೆಟ್ ಅಂಗಡಿಯವರಿಂದ ಬರುತ್ತದೆ. ಒಮ್ಮೆ ಸೈಕಲ್, ಒಮ್ಮೆ ಬಾಕ್ಸಿಂಗ್, ಒಮ್ಮೆ ಫುಟ್‌ಬಾಲ್ ಗೋಲ್‌ಕೀಪರ್. ಉತ್ತರ ಎಷ್ಟು ಸಲ ಕೊಟ್ಟರೂ ಮುಂದಿನ ವಾರ ಅದೇ ಕೋಡ್ ಹೊತ್ತ ಇನ್ನೊಂದು ಇನ್ವಾಯ್ಸ್ ಎದುರಿಗೆ ಬರುತ್ತದೆ. ಹಾಗಾಗಿ ಈ ಸಲ ಕಾನೂನಿನ ಸಾಲನ್ನೇ ಮುಂದಿಡುತ್ತೇನೆ.

1975ರ ಕಸ್ಟಮ್ಸ್ ಸುಂಕ ಕಾಯ್ದೆಯ ಮೊದಲ ಅನುಸೂಚಿಯಲ್ಲಿ 95ನೇ ಅಧ್ಯಾಯ ಆಟಿಕೆ ಮತ್ತು ಕ್ರೀಡಾ ಸಾಮಗ್ರಿಗಳದು; ಕೋಡಿನ ಮೊದಲ ಎರಡು ಅಂಕಿಯೇ ಅಧ್ಯಾಯದ ಸಂಖ್ಯೆ. ಅಧ್ಯಾಯದ ಹೆಸರು ಓದಿ ಪುಸ್ತಕ ಮುಚ್ಚಿದವರಿಗೆ ಆಟದ ವಸ್ತುಗಳೆಲ್ಲ ಅಲ್ಲೇ ಸೇರಬೇಕು ಅನ್ನಿಸುತ್ತದೆ. ಆದರೆ ಅಧ್ಯಾಯ ಶುರುವಾಗುವುದೇ ಟಿಪ್ಪಣಿಗಳಿಂದ. ಅಲ್ಲಿಗೆ ಸೇರದ ವಸ್ತುಗಳ ಪಟ್ಟಿಯೇ 1ನೇ ಟಿಪ್ಪಣಿ. ರ‍್ಯಾಕೆಟ್ಟಿನ ತಂತಿ, ಡೇರೆಗಳ ಜೊತೆಗೆ ಕೈಗವಸುಗಳೂ ಅದರಲ್ಲಿವೆ. ಅವುಗಳನ್ನು ಯಾವ ವಸ್ತುವಿನಿಂದ ಮಾಡಲಾಗಿದೆಯೋ ಅದರ ಪ್ರಕಾರ ವರ್ಗೀಕರಿಸಬೇಕು ಎಂದು ಸ್ಪಷ್ಟವಾಗಿ ಹೇಳಿದೆ. ವರ್ಗೀಕರಣದ ಮೊದಲ ನಿಯಮದ ಪ್ರಕಾರ 9506ರಂಥ ನಾಲ್ಕಂಕಿಯ ಶೀರ್ಷಿಕೆಗೆ ಎಷ್ಟು ಬಲವಿದೆಯೋ ಟಿಪ್ಪಣಿಗೂ ಅಷ್ಟೇ ಬಲವಿದೆ.

ಇಷ್ಟು ಹೇಳಿದ ಮೇಲೂ ವಾದ ನಿಲ್ಲುವುದಿಲ್ಲ. ‘ಇದನ್ನು ಆಟಕ್ಕಲ್ಲದೆ ಬೇರೆ ಯಾವುದಕ್ಕೂ ಬಳಸಲಾಗದಲ್ಲ’ ಎನ್ನುತ್ತಾರೆ. ಚರ್ಮದ ವಸ್ತುಗಳ 42ನೇ ಅಧ್ಯಾಯ ತೆರೆಯಿರಿ. ಕ್ರೀಡೆಗೆಂದೇ ವಿಶೇಷವಾಗಿ ರೂಪಿಸಿದ ಚರ್ಮದ ಕೈಗವಸುಗಳಿಗೆ 4203 21 ಎಂಬ ಉಪಶೀರ್ಷಿಕೆಯೇ ಇದೆ. ಆಟಕ್ಕೆ ಮೀಸಲಾದ ಕೈಗವಸುಗಳೆಲ್ಲ 95ಕ್ಕೆ ಹೋಗುವಂತಿದ್ದರೆ ಈ ಸಾಲಿಗೆ ಕೆಲಸವೇ ಇರುತ್ತಿರಲಿಲ್ಲ. ಕೆನಡಾದಲ್ಲಿ ಐಸ್ ಹಾಕಿ ಗೋಲ್‌ಕೀಪರ್‌ಗಳ ಕೈಗವಸಿನ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2016ರ ಆ ಇಗ್ಲೂ ವಿಕ್ಸ್ಕಿ ತೀರ್ಪನ್ನು ಓದಿ ನೋಡಿ. ಹಾಕಿ ಗೋಲಿನ ಮುಂದೆ ಬಿಟ್ಟರೆ ಬೇರೆಲ್ಲೂ ಉಪಯೋಗಕ್ಕೆ ಬಾರದ ದಪ್ಪ ದಪ್ಪ ಕೈಗವಸುಗಳು ಅವು. ಆದರೂ ಅಲ್ಲಿ ಜಗಳ ನಡೆದದ್ದು ಪ್ಲಾಸ್ಟಿಕ್ ವಸ್ತುಗಳ 3926ಕ್ಕೂ ಜವಳಿ ಕೈಗವಸುಗಳ 6216ಕ್ಕೂ ನಡುವೆ. ಕೊನೆಗೆ ಉಳಿದದ್ದು 6216. ಆ ದೇಶವೂ ನಮ್ಮ ದೇಶವೂ ಮೊದಲ ಆರು ಅಂಕಿಗಳಿಗೆ ಅನುಸರಿಸುವುದು ಒಂದೇ ಅಂತರರಾಷ್ಟ್ರೀಯ ಪದ್ಧತಿಯನ್ನು.

‘ಪರಿಚಯದವರು 9506ರಲ್ಲೇ ಮಾಲು ಬಿಡಿಸಿಕೊಂಡಿದ್ದಾರೆ’ ಎಂಬುದು ಕೊನೆಯ ಬಾಣ. ಬಿಲ್ ಆಫ್ ಎಂಟ್ರಿಯಲ್ಲಿ, ಅಂದರೆ ಆಮದು ಮಾಲಿಗಾಗಿ ಕಸ್ಟಮ್ಸ್‌ಗೆ ಸಲ್ಲಿಸುವ ಘೋಷಣೆಯಲ್ಲಿ, ಸುಂಕ ಲೆಕ್ಕ ಹಾಕುವವರು ಆಮದುದಾರರೇ. ಮಾಲು ಹೊರಗೆ ಬಂದ ಮಾತ್ರಕ್ಕೆ ಕೋಡ್ ಸರಿಯಾಗಿತ್ತು ಎಂದು ಯಾರೂ ಮುದ್ರೆ ಒತ್ತಿರುವುದಿಲ್ಲ. ಕಡಿಮೆ ಕಟ್ಟಿದ ಸುಂಕಕ್ಕೆ ಕಸ್ಟಮ್ಸ್ ಕಾಯ್ದೆಯ 28ನೇ ಸೆಕ್ಷನ್ ಅಡಿ ಸಾಮಾನ್ಯವಾಗಿ ಎರಡು ವರ್ಷಗಳೊಳಗೆ, ವಿಷಯ ಮರೆಮಾಚಿದ್ದರೆ ಐದು ವರ್ಷಗಳೊಳಗೆ ನೋಟಿಸ್ ಬರಬಹುದು. ಬಡ್ಡಿಯೂ ಕೂಡಿಕೊಳ್ಳುತ್ತದೆ. ಮಾಲು ಮಾರಿ ಮುಗಿದ ಮೇಲೆ ಆ ವ್ಯತ್ಯಾಸವನ್ನು ಗಿರಾಕಿಯಿಂದ ವಸೂಲು ಮಾಡುವುದು ಸಾಧ್ಯವೇ?

ಹಾಗಾದರೆ ನಿಮ್ಮ ಕೈಗವಸು ಎಲ್ಲಿಗೆ ಸೇರುತ್ತದೆ? ಮಾದರಿಯೊಂದನ್ನು ಒಳಮಗ್ಗುಲು ಹೊರಗೆ ಮಾಡಿ ಬೆಳಕಿನಲ್ಲಿ ನೋಡಿ. ಮೇಲ್ಭಾಗ ಸಾಮಾನ್ಯವಾಗಿ ಹಿಗ್ಗುವ ಹೆಣಿಗೆ ಬಟ್ಟೆ. ಅಂಗೈ ಕಡೆ ಚರ್ಮ ಅಥವಾ ಕೃತಕ ಚರ್ಮ, ಅದರೊಳಗೆ ಜೆಲ್ ತುಂಬಿದ ಮೆತ್ತೆ. ಹೆಬ್ಬೆರಳ ಮೇಲೆ ಬೆವರು ಒರೆಸಲು ಟವೆಲ್ ಬಟ್ಟೆಯ ತುಂಡು. ಬೆರಳ ತುದಿ ತೆರೆದಿದ್ದರೂ ಅದು ಕೈಗವಸೇ. ಇಡೀ ಕೈಗವಸು ಹೆಣಿಗೆ ಬಟ್ಟೆಯದಾದರೆ 6116, ನೇಯ್ದ ಬಟ್ಟೆಯದಾದರೆ 6216, ರಬ್ಬರ್‌ನದಾದರೆ 4015, ಪ್ಲಾಸ್ಟಿಕ್‌ನದಾದರೆ 3926. ಎರಡು ಮೂರು ವಸ್ತುಗಳು ಬೆರೆತಾಗ ಕೈಗವಸಿಗೆ ಅದರ ಮುಖ್ಯ ಗುಣವನ್ನು ಕೊಡುವುದು ಯಾವುದು ಎಂದು ತೂಗಿ ನೋಡಬೇಕಾಗುತ್ತದೆ. ಹ್ಯಾಂಡಲ್ ಹಿಡಿಯುವುದು ಅಂಗೈ. ಆದ್ದರಿಂದ ಅಂಗೈ ನಿಜವಾದ ಚರ್ಮದ್ದಾದರೆ 4203 21ರ ಕಡೆಗೆ ವಾದ ಗಟ್ಟಿಯಾಗುತ್ತದೆ.

ತೊಡಕು ಇರುವುದು ರೆಕ್ಸಿನ್‌ನಂಥ ಕೃತಕ ಚರ್ಮದಲ್ಲಿ. ಅದು ಚರ್ಮವಲ್ಲ, 42ಕ್ಕೆ ಬರುವುದಿಲ್ಲ. ನೇಯ್ದ ಬಟ್ಟೆಯ ಒಂದು ಮಗ್ಗುಲಿಗೆ ಕಣ್ಣಿಗೆ ಕಾಣುವಂತೆ ಪ್ಲಾಸ್ಟಿಕ್ ಲೇಪಿಸಿದ್ದರೆ ಸಾಮಾನ್ಯವಾಗಿ ಅದು ಜವಳಿಯೇ. ಬಟ್ಟೆ ಪೂರ್ತಿ ಪ್ಲಾಸ್ಟಿಕ್‌ನೊಳಗೆ ಹುದುಗಿದ್ದರೆ, ಇಲ್ಲವೇ ಸ್ಪಂಜಿನಂಥ ಪ್ಲಾಸ್ಟಿಕ್ ಹಾಳೆಗೆ ಬರೀ ಆಸರೆಯಾಗಿ ಅಂಟಿಕೊಂಡಿದ್ದರೆ ಪ್ಲಾಸ್ಟಿಕ್. ಆದ್ದರಿಂದ ಮಾಲು ಕಳಿಸುವವರಿಂದ ಕೋಡ್ ಕೇಳಬೇಡಿ; ಯಾವ ಭಾಗ ಯಾವ ವಸ್ತುವಿನದು, ಹೆಣಿಗೆಯೋ ನೇಯ್ಗೆಯೋ, ಲೇಪ ಎಂಥದ್ದು ಎಂದು ಬರೆಸಿಕೊಳ್ಳಿ. ದೊಡ್ಡ ಮೊತ್ತದ ಮಾಲಾದರೆ, ಕೋಡ್ ಯಾವುದೆಂದು ಮೊದಲೇ ತೀರ್ಮಾನಿಸಿ ಹೇಳುವ ಮುಂಬೈಯ ಕಸ್ಟಮ್ಸ್ ಮುಂಗಡ ತೀರ್ಪು ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಕಾನೂನಾಗಲಿ ಮಾಲಿನ ವಿವರವಾಗಲಿ ಬದಲಾಗದಿದ್ದರೆ ಅದರ ತೀರ್ಪು ಕಾನೂನು ನಿಗದಿಪಡಿಸಿದ ಅವಧಿಯವರೆಗೆ ನಿಮ್ಮನ್ನೂ ಇಲಾಖೆಯನ್ನೂ ಕಟ್ಟಿಹಾಕುತ್ತದೆ. ಸುಂಕದ ದರ ಬಜೆಟ್ಟಿನಲ್ಲಿ ಬದಲಾಗುತ್ತಿರುತ್ತದೆ. ಬಿಲ್ ಆಫ್ ಎಂಟ್ರಿ ಸಲ್ಲಿಸುವ ದಿನ, ಹಡಗಿಗೆ ಒಳಪ್ರವೇಶ ಸಿಗುವ ಅಥವಾ ವಿಮಾನ ಬಂದಿಳಿಯುವ ದಿನ, ಇವೆರಡರಲ್ಲಿ ಯಾವುದು ತಡವೋ ಆ ದಿನದ ದರವನ್ನೇ ನೋಡಿ.

ಅದೇ ಪೆಟ್ಟಿಗೆಯಲ್ಲಿ ಬೇರೆ ಸಾಮಾನುಗಳೂ ಬರುತ್ತವೆ, ಅವನ್ನೂ ಹೇಳಿಬಿಡುತ್ತೇನೆ. ಮೊಣಕಾಲು ಮೊಣಕೈ ಪ್ಯಾಡ್, ಕ್ರಿಕೆಟ್ ಪ್ಯಾಡ್, ಶಿನ್ ಗಾರ್ಡ್ ನಿಜಕ್ಕೂ 9506ಕ್ಕೇ ಸೇರುತ್ತವೆ. ಹೆಲ್ಮೆಟ್ 65ನೇ ಅಧ್ಯಾಯಕ್ಕೆ, ಬೂಟು 64ಕ್ಕೆ, ಜರ್ಸಿ 61 ಅಥವಾ 62ಕ್ಕೆ, ಕಿಟ್ ಬ್ಯಾಗ್ 4202ಕ್ಕೆ. ಇನ್ನು ಸವಾರರೊಬ್ಬರು ಸ್ವಂತಕ್ಕೆಂದು ಒಂದು ಜೊತೆಯನ್ನು ಅಂಚೆಯಲ್ಲಿ ತರಿಸಿಕೊಂಡರೆ ಈ ಹುಡುಕಾಟ ಬೇಡ: ಸ್ವಂತ ಬಳಕೆಗೆ ಅಂಚೆಯಲ್ಲಿ ಅಥವಾ ವಿಮಾನದಲ್ಲಿ ಬರುವ ಸುಂಕಾರ್ಹ ವಸ್ತುಗಳಿಗೆ 9804 ಎಂಬ ಪ್ರತ್ಯೇಕ ಶೀರ್ಷಿಕೆ ಇದೆ. ಅಂಗಡಿಯಲ್ಲಿ ಮಾರಲು ತರಿಸಿದ ಮಾಲಿಗೆ ಅದು ಅನ್ವಯಿಸುವುದಿಲ್ಲ.