ಪದ ಪರಿಚಯ: ಬಡ್ತಿ

ಹೋದ ಶನಿವಾರ ರಾತ್ರಿ ಒಂದೇ ವಾಟ್ಸಾಪ್ ಗುಂಪಿನಲ್ಲಿ 'ಬಡ್ತಿ' ಅನ್ನುವ ಪದ ಮೂರು ಸಲ ಏಟು ತಿಂದಿತು. ಗುಂಪು ನಮ್ಮದೇ. ಕುವೆಂಪುನಗರ, ಸರಸ್ವತಿಪುರಂ ಕಡೆಯ ಹುಡುಗರು, ಇಂಗ್ಲೆಂಡಿನ ಫುಟ್‌ಬಾಲ್ ಹುಚ್ಚಿನವರು. ಅಕ್ಕನ ಮಗನ ದೆಸೆಯಿಂದ ನಾನೂ ಅದರಲ್ಲಿದ್ದೇನೆ. ಅಲ್ಲಿ ಮಧ್ಯಾಹ್ನ ಮೂರಕ್ಕೆ ಶುರುವಾಗುವ ಮ್ಯಾಚು ಚಳಿಗಾಲದಲ್ಲಿ ನಮಗೆ ರಾತ್ರಿ ಎಂಟೂವರೆಗೆ. ಹತ್ತೂವರೆ ಹೊತ್ತಿಗೆ ಇವನ ತಂಡ ಸತತ ನಾಲ್ಕನೇ ಸಲ ಸೋತಾಗಿತ್ತು. ತಂಡದ ಹೆಸರು ಬರೆಯಬಾರದಂತೆ, ದೃಷ್ಟಿ ಆಗುತ್ತಂತೆ. ಪ್ರೀಮಿಯರ್ ಲೀಗಿಗಿಂತ ಒಂದು ದರ್ಜೆ ಕೆಳಗಿನ ಚಾಂಪಿಯನ್‌ಶಿಪ್ ಲೀಗಿನಲ್ಲಿ ಆಡುತ್ತದೆ, ಕ್ರಿಸ್‌ಮಸ್‌ವರೆಗೆ ಎರಡನೇ ಸ್ಥಾನದಲ್ಲಿತ್ತು, ಅಷ್ಟು ಸಾಕು.

ಮೆಸೇಜುಗಳು ಹೀಗಿದ್ದವು. 'ಗೆದ್ದವರು ನಾಲ್ಕನೇ ಸ್ಥಾನಕ್ಕೆ ಬಡ್ತಿ.' 'ನಾವು ಏಳನೇ ಸ್ಥಾನಕ್ಕೆ ಹಿಂಬಡ್ತಿ.' ಮೂರನೆಯದು ನಮ್ಮ ಹುಡುಗನದೇ. ಟೈಪ್ ಮಾಡುತ್ತಾ ಜೋರಾಗಿ ಓದಿದ: 'ಮುಗೀತು. ಬಡ್ತಿ ಹೋಯ್ತು.'

ಭಾವ ಈಸಿಚೇರಿನಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಮಂಡ್ಯ ಜಿಲ್ಲೆಯ ತಾಲ್ಲೂಕು ಕಚೇರಿಗಳಲ್ಲೇ ಸರ್ವೀಸು ಸವೆಸಿ ರಿಟೈರಾದವರು. ಕಣ್ಣು ಬಿಡದೆ ಕೇಳಿದರು: "ಎಲ್ಲಿಗೋ ಹೋಯ್ತು? ಆರ್ಡರ್ ಬಂದಿತ್ತಾ?"

"ಅಪ್ಪ, ಇದು ನಿಮ್ಮ ಆಫೀಸಲ್ಲ. ಮಾವ, ನೀವಾದ್ರೂ ಹೇಳಿ."

ನಾನು ಹೇಳಿದ್ದು, ಭಾವ ಹೇಳಿದ್ದೇ ಸರಿ ಅಂತ. ಅವನಿಗೆ ಕೋಪ ಬಂತು. ಆ ಕೋಪಕ್ಕೆ ಉತ್ತರ ಇದು.

ಬಡ್ತಿ ಅಂದರೆ ಒಂದು ದರ್ಜೆಯಿಂದ ಮೇಲಿನ ದರ್ಜೆಗೆ ಹೋಗುವುದು. ದರ್ಜೆಯೊಳಗೆ ಮೇಲೆ ಕೆಳಗೆ ಓಡಾಡುವುದಲ್ಲ. ಏಳನೆಯವನು ನಾಲ್ಕನೆಯವನಾದರೆ ಅದು ಏರಿಕೆ. ಅದೂ ಬೇಡವಾದರೆ 'ನಾಲ್ಕಕ್ಕೆ ಬಂದ' ಅನ್ನಿ, ಯಾರೂ ಬೈಯಲ್ಲ. ಚಾಂಪಿಯನ್‌ಶಿಪ್‌ನಲ್ಲಿ 24 ತಂಡ, ತಲಾ 46 ಪಂದ್ಯ. ಎಲ್ಲ ಮುಗಿದ ಮೇಲೆ ಮೊದಲ ಎರಡು ತಂಡ ನೇರವಾಗಿ ಪ್ರೀಮಿಯರ್ ಲೀಗಿಗೆ. ಮೂರನೇ ಸೀಟಿಗೆ ಅವರ ಕೆಳಗಿನ ಕೆಲವು ತಂಡಗಳ ನಡುವೆ ಪ್ಲೇಆಫ್ ಪಂದ್ಯಗಳು, ಅದರ ಫೈನಲ್ ಲಂಡನ್ನಿನ ವೆಂಬ್ಲಿಯಲ್ಲಿ. ಬಡ್ತಿ ಸಿಗುವುದು ಆ ಮೂವರಿಗೆ. ಜನವರಿಯಲ್ಲಿ ಎರಡನೇ ಸ್ಥಾನದಲ್ಲಿ ಕೂತವನು ಇನ್‌ಚಾರ್ಜ್ ಇದ್ದ ಹಾಗೆ. ಕುರ್ಚಿ ಇದೆ, ಸೀಲು ಇದೆ, ಸಹಿಯೂ ಅವನದೇ. ಹುದ್ದೆ ಮಾತ್ರ ಅವನದಲ್ಲ.

ಇನ್ನು ಪದ ಎಲ್ಲಿಂದ ಬಂತು ನೋಡೋಣ. ಗುಂಪಿನಲ್ಲಿ ಒಬ್ಬ ಮಹಾಶಯ, ಬಡಿಯುವುದರಿಂದ ಬಡ್ತಿ ಬಂತು, ಎದುರಿಗೆ ಬಂದವರನ್ನೆಲ್ಲ ಬಡಿದು ಮೇಲೇರುವುದು ಅಂತ ಅರ್ಥ ಕೊಟ್ಟಿದ್ದ. ನಾಲ್ಕು ಮಂದಿ ಅದಕ್ಕೆ ಹೆಬ್ಬೆರಳನ್ನೂ ಒತ್ತಿದ್ದರು. ಕೇಳೋಕೆ ಚೆನ್ನಾಗಿದೆ. ನಿಜ ಅಲ್ಲ. ಬಡಿಗೂ ಬಡ್ತಿಗೂ ಸಂಬಂಧವೇ ಇಲ್ಲ.

ಹಿಂದಿಯಲ್ಲಿ ಬಢ್‌ನಾ ಅಂದರೆ ಹೆಚ್ಚಾಗು, ಬೆಳೆ, ಮುಂದೆ ಹೋಗು. ಅದರಿಂದ ಬಢ್‌ತೀ, ಅಂದರೆ ಹೆಚ್ಚಳ. ಮರಾಠಿಯಲ್ಲೂ ಬಢತೀ ಅಂದರೆ ನಮ್ಮ ಬಡ್ತಿಯೇ. ಮಹಾಪ್ರಾಣ ಕಳಚಿ ಇಟ್ಟು ಅದು ಕನ್ನಡದ ಕಚೇರಿಗೆ ಬಂದು ಕೂತಿತು. ಆ ಕಚೇರಿಯ ಮಾತುಗಳೇ ಹಾಗೆ. ಹಾಜರಿ, ರಜಾ, ಖಾಯಂ, ಗುಮಾಸ್ತ, ಶಿರಸ್ತೇದಾರ, ಎಲ್ಲ ಅರಬ್ಬಿ ಪಾರಸಿ ಕಡೆಯಿಂದ ಬಂದ ಸಂಸಾರ. ಬಡ್ತಿಯೂ ಅವರ ಜೊತೆ ಕೂತಿದೆ, ಆದರೆ ಅದರ ತೌರು ಬೇರೆ. ಬಢ್‌ನಾ ಪ್ರಾಕೃತದ ದಾರಿಯಲ್ಲಿ ಬಂದದ್ದು. ಹಿಂದಕ್ಕೆ ನಡೆದರೆ ಸಂಸ್ಕೃತದ 'ವೃಧ್' ಧಾತು ಸಿಗುತ್ತದೆ. ವೃಧ್ ಅಂದರೆ ಬೆಳೆಯುವುದು.

ಮಜಾ ಇರುವುದು ಇಲ್ಲಿ. ಅದೇ ಧಾತುವಿನ 'ವೃದ್ಧಿ' ನಮ್ಮಲ್ಲಿಗೆ ಬಹಳ ಹಿಂದೆಯೇ ಬಂದು ತದ್ಭವವಾಗಿ 'ಬಡ್ಡಿ' ಆಗಿತ್ತು. ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದು ನೆನಪಿರಬೇಕು: ವರ್ಣ ಬಣ್ಣ, ವಸತಿ ಬಸದಿ, ವ್ಯವಸಾಯ ಬೇಸಾಯ. ಅದೇ ಸಾಲಿನಲ್ಲಿ ವೃದ್ಧಿ ಬಡ್ಡಿ. ಅಂದರೆ ಬಡ್ಡಿ ಮತ್ತು ಬಡ್ತಿ ದಾಯಾದಿಗಳು. ಒಬ್ಬ ಮೊದಲೇ ಬಂದು ಸಾಲ ಕೊಡಲು ಕೂತ, ಇನ್ನೊಬ್ಬ ಉತ್ತರದ ಕಡೆ ಸುತ್ತಿಕೊಂಡು ಬಂದು ಸರ್ಕಾರಿ ಕೆಲಸಕ್ಕೆ ಸೇರಿದ. (ಮಂಡ್ಯದಲ್ಲಿ ಬಡ್ಡಿ ಅಂದ ಕೂಡಲೇ ಹಿಂದೆ ಒಬ್ಬ ಮಗ ಬರುತ್ತಾನೆ. ಅವನ ವಿಚಾರ ಈಗ ಬೇಡ.) ಬೆಳೆದು ಬಲಿತವನು ವೃದ್ಧ. ಆಷಾಢದಲ್ಲಿ ಬೆಟ್ಟದ ತಾಯಿಗೆ ಮಾಡುವ ವರ್ಧಂತಿಯೂ ಇದೇ ಬೇರಿನದು. ಚಾಮುಂಡೇಶ್ವರಿ ವರ್ಧಂತಿಗೆ ಮೆಟ್ಟಿಲು ಹತ್ತಿದವರು ಬಡ್ತಿಯ ಚಿಕ್ಕಮ್ಮನ ಮನೆಗೆ ಹೋಗಿಬಂದಂತೆಯೇ.

ಇಲ್ಲಿಗೆ ಬಂದಾಗ ಹುಡುಗ ನನ್ನನ್ನೇ ಹಿಡಿದ. "ಮಾವ, ಮೂಲ ಅರ್ಥ ಹೆಚ್ಚಳ ತಾನೇ? ಏಳರಿಂದ ನಾಲ್ಕಕ್ಕೆ ಬಂದ್ರೆ ಅದೂ ಹೆಚ್ಚಳವೇ ಅಲ್ವಾ?"

ಒಪ್ಪಬೇಕಾದ ಮಾತು. ಬೇರು ಹಿಡಿದು ವಾದ ಮಾಡಿದರೆ ಸೋಲುವವನು ನಾನೇ. ಸರ್ಕಾರಿ ಕನ್ನಡದಲ್ಲೇ ಆ ಹಳೆಯ ಅರ್ಥ ಇನ್ನೂ ಉಸಿರಾಡುತ್ತಿದೆ. ವರ್ಷಕ್ಕೊಮ್ಮೆ ಸಂಬಳಕ್ಕೆ ಸೇರುವ ಇನ್‌ಕ್ರಿಮೆಂಟಿಗೆ 'ವಾರ್ಷಿಕ ವೇತನ ಬಡ್ತಿ' ಅಂತಲೇ ಹೆಸರು. ಹುದ್ದೆ ಅದೇ, ಸಂಬಳ ಮಾತ್ರ ಜಾಸ್ತಿ. ಆದರೆ ಗಮನಿಸಿ, ಅಲ್ಲಿ 'ವೇತನ' ಅಂತ ಮೊದಲೇ ಹೇಳಿಬಿಟ್ಟಿದ್ದಾರೆ. ಸುಮ್ನೆ 'ಅವರಿಗೆ ಬಡ್ತಿ ಆಯ್ತು' ಅಂದರೆ ಯಾರೂ ಇನ್‌ಕ್ರಿಮೆಂಟ್ ಅಂದುಕೊಳ್ಳಲ್ಲ. ಎಸ್‌ಡಿಎ ಇದ್ದವರು ಎಫ್‌ಡಿಎ ಆದರು ಅಂದುಕೊಂಡು ಪೇಡ ಕೇಳುತ್ತಾರೆ. ಪದಕ್ಕೆ ಅರ್ಥ ಕೊಡುವುದು ಆ ಪೇಡ, ಬೇರಲ್ಲ. ಅದೂ ಅಲ್ಲದೆ, ಕೊಟ್ಟ ವೇತನ ಬಡ್ತಿಯನ್ನು ಮುಂದಿನ ಶನಿವಾರ ಕಿತ್ತುಕೊಂಡು ಅದರ ಮುಂದಿನ ಶನಿವಾರ ವಾಪಸ್ ಕೊಡುವ ಕಚೇರಿ ಎಲ್ಲಾದರೂ ಇದೆಯೇ?

'ಬಡ್ತಿ ಹೋಯ್ತು' ಅನ್ನುವವರಿಗೆ ಎರಡು ಕಥೆ ಹೇಳಬೇಕು. 2019ರ ಡಿಸೆಂಬರ್ 14ರಂದು ಲೀಡ್ಸ್ ಯುನೈಟೆಡ್ ತನ್ನ ಮೈದಾನದಲ್ಲೇ ಕಾರ್ಡಿಫ್ ಮೇಲೆ 3–0 ಮುಂದಿತ್ತು. ಪಂದ್ಯ ಮುಗಿದಾಗ 3–3. ಅಲ್ಲಿಂದ ಫೆಬ್ರವರಿ 11ರವರೆಗೆ ಲೀಗಿನಲ್ಲಿ 11 ಪಂದ್ಯ, ಗೆಲುವು ಎರಡೇ. ಕಥೆ ಮುಗೀತು ಅಂದವರು ಆಗಲೂ ಇದ್ದರು. ಆಮೇಲೆ ಸಾಲಾಗಿ ಐದು ಗೆಲುವು, ಅಷ್ಟರಲ್ಲಿ ಕೊರೊನಾ, ಆಟ ಬಂದ್. ಕೊನೆಗೆ ಜುಲೈ 17ಕ್ಕೆ ವೆಸ್ಟ್ ಬ್ರಾಮ್ ತಂಡ ಹಡರ್ಸ್‌ಫೀಲ್ಡ್‌ನಲ್ಲಿ ಸೋತಾಗ ಲೀಡ್ಸ್‌ಗೆ ಬಡ್ತಿ ಖಾತ್ರಿಯಾಯಿತು. ಆ ದಿನ ಲೀಡ್ಸ್ ಆಡಿರಲೇ ಇಲ್ಲ. ರಜಾದಲ್ಲಿದ್ದವನ ಮನೆಗೆ ಆರ್ಡರ್ ಕಾಪಿ ಬಂದ ಹಾಗೆ. ಸೀಸನ್ ಮುಗಿದಾಗ 93 ಪಾಯಿಂಟ್, ಮೊದಲ ಸ್ಥಾನ. ಪ್ರೀಮಿಯರ್ ಲೀಗಿಗೆ ಮರಳಲು ಕಾದದ್ದು 16 ವರ್ಷ. ನಮ್ಮ ಸರ್ಕಾರಿ ನೌಕರರಿಗೆ 10 ವರ್ಷ ಒಂದೇ ಹುದ್ದೆಯಲ್ಲಿ ಕೊಳೆತರೆ ಕಾಲಮಿತಿ ಬಡ್ತಿ ಅಂತ ಒಂದಿದೆ. ಫುಟ್‌ಬಾಲಿನಲ್ಲಿ ಆ ಕರುಣೆ ಇಲ್ಲ.

ಇನ್ನೊಂದು ಸಂಡರ್ಲೆಂಡ್ ಕಥೆ. ಇದು ನನಗೆ ಇನ್ನೂ ಇಷ್ಟ. 2024–25ರಲ್ಲಿ ಅವರು ಲೀಗಿನ ಕೊನೆಯ ಐದೂ ಪಂದ್ಯ ಸೋತರು. ನಾಲ್ಕನೇ ಸ್ಥಾನ, 76 ಪಾಯಿಂಟ್. ಮೂರನೇ ಸ್ಥಾನದ ಶೆಫೀಲ್ಡ್ ಯುನೈಟೆಡ್‌ಗೆ 90. ಪ್ಲೇಆಫ್ ಫೈನಲ್ ಈ ಇಬ್ಬರ ನಡುವೆಯೇ ಆಯಿತು. ಸಂಡರ್ಲೆಂಡ್ ಹಿಂದೆ ಬಿದ್ದು, ಸಮ ಮಾಡಿ, ಇಂಜುರಿ ಟೈಮಿನಲ್ಲಿ ಗೋಲು ಹೊಡೆದು 2–1ಕ್ಕೆ ಗೆದ್ದಿತು. 14 ಪಾಯಿಂಟ್ ಕಮ್ಮಿ ಇದ್ದವನಿಗೆ ಬಡ್ತಿ, 90 ಇದ್ದವನಿಗೆ ಅದೇ ಹಳೇ ಕುರ್ಚಿ. ಅದರ ಹಿಂದಿನ ವರ್ಷ ಲೀಡ್ಸ್‌ಗೂ ಇದೇ ಗತಿ. 90 ಪಾಯಿಂಟ್, ಮೂರನೇ ಸ್ಥಾನ, ಫೈನಲ್‌ನಲ್ಲಿ ಸೌತಾಂಪ್ಟನ್ ಎದುರು ಸೋಲು. ಸೀನಿಯಾರಿಟಿ ಲಿಸ್ಟಿನಲ್ಲಿ ಮೇಲಿದ್ದ ಮಾತ್ರಕ್ಕೆ ಏನೂ ಆಗಲ್ಲ ಅನ್ನುವುದು ಭಾವನಿಗೆ ನಾನು ಹೇಳಿಕೊಡಬೇಕಾದ ವಿಷಯವಲ್ಲ. ಅವರು ಆ ವಿಷಯದಲ್ಲಿ ಗಂಟೆಗಟ್ಟಲೆ ಮಾತಾಡಬಲ್ಲರು, ಮಾತಾಡಿದ್ದಾರೆ ಕೂಡ.

'ಸೆಮಿಫೈನಲ್‌ಗೆ ಬಡ್ತಿ' ಅಂತ ಬರೆಯುವುದನ್ನೂ ದಯವಿಟ್ಟು ಬಿಡಿ. ನಾಕೌಟ್ ಟೂರ್ನಿಯಲ್ಲಿ ದರ್ಜೆ ಇಲ್ಲ, ಸುತ್ತು ಇದೆ. ಅದಕ್ಕೆ 'ತೇರ್ಗಡೆ' ಅನ್ನುವ ಒಳ್ಳೆ ಪದ ಇದೆ. ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ ಬಿಟ್ಟರೆ ಅದನ್ನು ಯಾರೂ ಮುಟ್ಟಲ್ಲ, ಪಾಪ. ಬೆಂಗಳೂರು ಎಫ್‌ಸಿ ಇಂಡಿಯನ್ ಸೂಪರ್ ಲೀಗಿಗೆ (ಐಎಸ್‌ಎಲ್) ಬಡ್ತಿ ಪಡೆಯಿತು ಅನ್ನುವುದೂ ತಪ್ಪು. ಅವರು 2013–14, 2015–16ರಲ್ಲಿ ದೇಶದ ಇನ್ನೊಂದು ಲೀಗಾದ ಐ-ಲೀಗ್ ಗೆದ್ದದ್ದು ನಿಜ. ಆದರೆ 2017ರಲ್ಲಿ ಐಎಸ್‌ಎಲ್ ಸೇರಿದ್ದು ಬಿಡ್ ಹಾಕಿ. ಆಗ ಇಲ್ಲಿ ಬಡ್ತಿಯ ದಾರಿಯೇ ತೆರೆದಿರಲಿಲ್ಲ. ಐ-ಲೀಗ್ ಗೆದ್ದು, ಆ ಗೆಲುವಿನಿಂದಲೇ ಮೇಲೆ ಹೋದ ಮೊದಲ ತಂಡ ಪಂಜಾಬ್ ಎಫ್‌ಸಿ, 2023ರಲ್ಲಿ. ಮರುವರ್ಷ ಮೊಹಮ್ಮಡನ್ ಸ್ಪೋರ್ಟಿಂಗ್. ಇವರಿಬ್ಬರಿಗೆ ಬಡ್ತಿ ಅನ್ನಿ, ಧಾರಾಳವಾಗಿ ಅನ್ನಿ.

ಹಿಂಬಡ್ತಿಯ ಮೇಲೆ ನನಗೆ ಮೊದಲಿಂದಲೂ ಸಿಟ್ಟು. ಬಡ್ತಿ ಅಂದರೇ ಬೆಳವಣಿಗೆ. ಹಿಂದಕ್ಕೆ ಬೆಳೆಯುವುದು ಹೇಗೆ? ಈ ಗೋಳು ಶುರುವಾದದ್ದು ಮುಂಬಡ್ತಿಯಿಂದ. ಬಡ್ತಿಯಲ್ಲೇ 'ಮುಂದೆ' ಇತ್ತು, ಮೇಲೊಂದು 'ಮುಂ' ಅಂಟಿಸಿದರು, ನಡುಮಧ್ಯೆ ಅನ್ನುವ ಹಾಗೆ. ಮುಂಬಡ್ತಿ ಇದ್ದ ಮೇಲೆ ಹಿಂಬಡ್ತಿ ಯಾಕಿರಬಾರದು ಅಂತ ಅದೂ ಹುಟ್ಟಿತು. ಬಡ್ತಿ ಮೀಸಲಾತಿ ಬಗ್ಗೆ 2017ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲಂತೂ ಕರ್ನಾಟಕದ ಕಚೇರಿಗಳಲ್ಲಿ, ಪೇಪರುಗಳಲ್ಲಿ ಅದೇ ಮಾತು. ಈಗ ಅದನ್ನು ಯಾರೂ ಕಿತ್ತುಹಾಕಲಾರರು, ಕಚೇರಿಯಲ್ಲಿ ಇರಲಿ. ಮೈದಾನಕ್ಕೆ ತರಬೇಡಿ. 'ಕೆಳಗಿನ ಲೀಗಿಗೆ ಇಳಿಯಿತು' ಅನ್ನುವ ಮೂರು ಪದ ಬಾಯಲ್ಲಿ ಆಡುವುದಿಲ್ಲವೇ? ಎರಡರಿಂದ ಏಳಕ್ಕೆ ಬಿದ್ದದ್ದಕ್ಕಂತೂ ಅಷ್ಟೂ ಬೇಡ. ಜಾರಿತು, ಅಷ್ಟೇ.

ಮಿಷನ್ ಮಾಡಿದ ಅನುವಾದ ಫಾರ್ವರ್ಡ್ ಮಾಡುವವರದು ಬೇರೆಯೇ ಕಥೆ. 'ತಂಡದ ಪ್ರಚಾರದ ಭರವಸೆಗಳು ಮಂಕಾಗಿವೆ' ಅಂತ ಒಂದು ಬಂತು. ಸಿನಿಮಾದವರು ಮಾಡುವ ಪ್ರಮೋಷನ್ನೂ ಇದೂ ಒಂದೇ ಅಂದುಕೊಂಡಿದೆ ಯಂತ್ರ. ಅದನ್ನು ಬಿಡಿ, ಕಳಿಸಿದವನು ಓದಲಿಲ್ಲವೇ?

ಅಂದು ರಾತ್ರಿ ಹನ್ನೊಂದಾದರೂ ಹುಡುಗ ಮಲಗಲಿಲ್ಲ. ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಲೆಕ್ಕ. 28 ಪಂದ್ಯ ಆಗಿದೆ, 18 ಬಾಕಿ, ಎಲ್ಲ ಗೆದ್ದರೆ 54 ಪಾಯಿಂಟ್. ಎರಡನೇ ಸ್ಥಾನದವರು ಎಷ್ಟು ಸೋಲಬೇಕು, ಮೂರನೆಯವರು ಎಷ್ಟು ಡ್ರಾ ಮಾಡಬೇಕು ಅಂತ ಗೆರೆ ಮೇಲೆ ಗೆರೆ. ಭಾವ ನೀರು ಕುಡಿಯಲು ಎದ್ದವರು ಬಗ್ಗಿ ನೋಡಿದರು.

"ಹದಿನೆಂಟು ಉಳ್ಕಂಡಿದ್ಯಾ?"

"ಹೂಂ."

"ಹಂಗಾರೆ ಫೈಲು ಇನ್ನೂ ಟೇಬಲ್ ಮೇಲೇ ಅದೆ. ಮಲ್ಕೋ ಹೋಗು."