ಟೈಟಾನಿಯಾ ಜಾಸ್ತಿ ಹಾಕಿದರೆ ಗಾಜು ಇನ್ನೂ ಗಟ್ಟಿ ಆಗಲ್ವಾ?

ಪ್ರಶ್ನೆ: ಸರ್, ಗ್ಲಾಸ್-ಸೆರಾಮಿಕ್‌ನಲ್ಲಿ (ಕಾಯಿಸಿ ಒಳಗೆ ಹರಳು ಕಟ್ಟಿಸಿದ ಗಾಜು) ಹರಳು ಕಟ್ಟಲಿ ಅಂತ ಟೈಟಾನಿಯಾ, ಅಂದರೆ ಟೈಟಾನಿಯಂ ಆಕ್ಸೈಡ್, ಹಾಕುತ್ತಾರಲ್ಲ, ಅದನ್ನೇ ಎರಡು ಪಟ್ಟು ಹಾಕಿದರೆ ಹರಳೂ ಜಾಸ್ತಿ, ಗಟ್ಟಿತನವೂ ಜಾಸ್ತಿ ಆಗಬೇಕಲ್ವಾ?

ಆಗಲ್ಲ. ಪ್ರತಿ ವರ್ಷ ಹೊಸ ಬ್ಯಾಚ್ ಬರುತ್ತದೆ, ಇದೇ ಪ್ರಶ್ನೆ ತರುತ್ತದೆ. ಈ ಸಲ ಬರೆದೇ ಇಡುತ್ತೇನೆ, ಮುಂದಿನವರಿಗೆ ಇದನ್ನೇ ತೋರಿಸಿ.

ಕರೆಂಟ್ ಒಲೆಯ ಮೇಲಿನ ಕರಿ ಹಾಳೆಯನ್ನೇ ತೆಗೆದುಕೊಳ್ಳಿ. ಅದು ಲಿಥಿಯಂ, ಅಲ್ಯೂಮಿನಾ, ಸಿಲಿಕಾ ಸೇರಿದ ಗಾಜು. ಮೊದಲು ಸಾದಾ ಗಾಜಿನಂತೆ ಕರಗಿಸಿ ಹಾಳೆ ಮಾಡುತ್ತಾರೆ, ಆಮೇಲೆ ಮತ್ತೆ ಕಾಯಿಸಿ ಒಳಗೆ ಹರಳು ಕಟ್ಟಿಸುತ್ತಾರೆ. ಟೈಟಾನಿಯಾ, ಅದರ ಜೊತೆಗೆ ಹಾಕುವ ಜಿರ್ಕೋನಿಯಾ (ಜಿರ್ಕೋನಿಯಂ ಆಕ್ಸೈಡ್) ಎರಡೂ ಸೇರಿ ನೂರಕ್ಕೆ ನಾಲ್ಕೈದು ಪಾಲು ಇದ್ದರೆ ಸಾಕು. ಸುಮಾರು 700ರಿಂದ 750 ಡಿಗ್ರಿಯಲ್ಲಿ ಇವು ಗಾಜಿನಿಂದ ಬೇರೆಯಾಗಿ, ಕೆಲವೇ ನ್ಯಾನೋಮೀಟರ್ ದಪ್ಪದ ಕಣಗಳಾಗುತ್ತವೆ. ಶಾಖ ಇನ್ನೂ ಏರಿಸಿದಾಗ ಆ ಕಣಗಳ ಸುತ್ತ ಅಸಲಿ ಹರಳು ಬೆಳೆಯುತ್ತದೆ. ಅಂದರೆ ಟೈಟಾನಿಯಾ ಹರಳಿನ ಸರಕಲ್ಲ, ಹರಳು ಶುರುವಾಗುವ ಜಾಗ ಅಷ್ಟೇ. ತಲೆಗೆ ಹೋಗಬೇಕಾದ್ದು ಇದೊಂದೇ ಮಾತು, ಹೋಗದೇ ಇರುವುದೂ ಇದೊಂದೇ.

ಈ ಜಾಗಗಳೇ ಇಲ್ಲದಿದ್ದರೆ ಹರಳು ಹಾಳೆಯ ಮೈಯಿಂದ ಒಳಕ್ಕೆ ದಪ್ಪದಪ್ಪವಾಗಿ ಬೆಳೆಯುತ್ತದೆ. ಹಾಳೆ ಬಿರಿಯುತ್ತದೆ. ಕಡಿಮೆ ಇದ್ದರೆ ಹರಳು ಕೆಲವೇ, ಅವೂ ದೊಡ್ಡವು, ಗಾಜು ಬಿಳಿಚಿಕೊಳ್ಳುತ್ತದೆ. ಹದವಾಗಿದ್ದರೆ 50 ನ್ಯಾನೋಮೀಟರ್ ಆಸುಪಾಸಿನ ಲೆಕ್ಕವಿಲ್ಲದಷ್ಟು ಹರಳು. ಬೆಳಕಿನ ಅಲೆಗಿಂತ ಅವು ಎಷ್ಟೋ ಚಿಕ್ಕವು, ಹಾಗಾಗಿ ಮುಕ್ಕಾಲು ಪಾಲು ಹರಳೇ ತುಂಬಿದ್ದರೂ ಆಚೆ ಕಡೆ ಕಾಣುತ್ತದೆ.

ಇನ್ನು ನಿಮ್ಮ ಎರಡು ಪಟ್ಟು. ಟೈಟಾನಿಯಾ ಜೊತೆ ಜಿರ್ಕೋನಿಯಾವನ್ನೂ ಎರಡು ಪಟ್ಟು ಮಾಡಿದರೆ ಅದು ಅಷ್ಟೊಂದು ಕರಗುವುದೇ ಇಲ್ಲ, ಕರಗಿಸಲು ಕುಲುಮೆಯನ್ನು ಇನ್ನೂ ಕಾಯಿಸಬೇಕು. ಕರಗಿತು ಅಂತಲೇ ಇಟ್ಟುಕೊಳ್ಳಿ, ಹಾಳೆ ಎಳೆಯುವಾಗಲೇ, ನಾವು ಬೇಡ ಅನ್ನುವ ಹೊತ್ತಿಗೇ ಹರಳು ಕಟ್ಟಲು ಶುರು. ನಮ್ಮ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಲ್ಲಿ, ಕರಗಿದ ಕಬ್ಬಿಣದ ಲ್ಯಾಡಲ್‌ಗೆ ಇನಾಕ್ಯುಲೆಂಟ್ (ಕಬ್ಬಿಣದೊಳಗೆ ಹರಳು ಶುರುವಾಗಲು ಜಾಗ ಕೊಡುವ ಪುಡಿ) ಹಾಕುವವರನ್ನು ಕೇಳಿ ನೋಡಿ. ಚಿಲ್, ಅಂದರೆ ಕಬ್ಬಿಣ ಬೇಗ ತಣಿದು ಪೆಡಸಾಗುವುದು, ಹೋಗಲಿ ಅಂತ ಚೂರು ಹಾಕುತ್ತಾರೆ. ಒಳ್ಳೇದು ಅಂತ ಮೊಗೆಮೊಗೆದು ಸುರಿದರೆ ಎರಕದಲ್ಲಿ ಶ್ರಿಂಕೇಜ್ (ಒಳಗಿನ ಟೊಳ್ಳು) ಬಂದು ಕೂರುತ್ತದೆ. ಬೆಳಗಾವಿಯಲ್ಲಿ ಓದಿಯೂ ಇದನ್ನು ನೋಡಿಲ್ಲ ಅಂದರೆ ನಾನೇನು ಹೇಳಲಿ?

ಮೇಲಾಗಿ ಹರಳು ಅಂದರೆ ಗಟ್ಟಿ ಅಂತ ಯಾರು ಹೇಳಿದ್ದು? ಒಲೆಯ ಹಾಳೆಯ ಹೆಚ್ಚುಗಾರಿಕೆ ಗಟ್ಟಿತನವಲ್ಲ, ಕಾದರೂ ಹಿಗ್ಗದಿರುವುದು. ಅದರೊಳಗಿನ ಹರಳು ಕಾದಾಗ ತುಸು ಕುಗ್ಗುತ್ತದೆ, ಉಳಿದ ಗಾಜು ಹಿಗ್ಗುತ್ತದೆ, ಲೆಕ್ಕ ಸರಿಹೋಗುತ್ತದೆ. ಕಾದ ಹಾಳೆಗೆ ತಣ್ಣೀರು ಚೆಲ್ಲಿದರೂ ಬಿರುಕಿಲ್ಲ. ಅದೇ ಹಾಳೆಯ ಮೇಲೆ ಕುಟ್ಟಾಣಿ ಬೀಳಿಸಿ, ಗೊತ್ತಾಗುತ್ತದೆ. ಗಟ್ಟಿತನ ಬೇಕಿದ್ದರೆ ಬೇರೆಯದೇ ಗಾಜು, ಬೇರೆಯದೇ ಸೇರಿಕೆ. ಹಲ್ಲಿನ ಕ್ಯಾಪ್‌ಗೆ ಬಳಸುವ ಲಿಥಿಯಂ ಡೈಸಿಲಿಕೇಟ್‌ನಲ್ಲಿ ಹರಳು ಕಟ್ಟಿಸುವುದು ಫಾಸ್ಫರಸ್ ಪೆಂಟಾಕ್ಸೈಡ್. ಅಲ್ಲಿ ಹರಳು ಕಡ್ಡಿಗಳಂತೆ ಒಂದರೊಳಗೊಂದು ಹೆಣೆದುಕೊಳ್ಳುತ್ತದೆ, ಬಿರುಕಿಗೆ ನೇರ ದಾರಿ ಸಿಗುವುದಿಲ್ಲ. ಪೂರ್ತಿ ಗಟ್ಟಿಯಾದ ಮೇಲೆ ಕೊರೆಯುವುದು ಕಷ್ಟ, ಅದಕ್ಕೇ ಅರ್ಧ ಹರಳಾದಾಗ, ನೇರಳೆ ಬಣ್ಣದಲ್ಲಿರುವಾಗಲೇ ಕ್ಯಾಪ್ ಕೊರೆದು, ಆಮೇಲೆ 850 ಡಿಗ್ರಿ ಹತ್ತಿರ ಸುಡುತ್ತಾರೆ.

ಹಾಳೆ ಕಪ್ಪಗೇಕೆ ಅಂತ ಯಾರೂ ಕೇಳಲಿಲ್ಲ, ನಾನೇ ಹೇಳಿಬಿಡುತ್ತೇನೆ. ಬಣ್ಣ ಬಳಿದದ್ದಲ್ಲ. ಅದು ವನೇಡಿಯಂ ಆಕ್ಸೈಡ್‌ನ ಕೆಲಸ, ನೂರಕ್ಕೆ ಒಂದು ಪಾಲೂ ಇರುವುದಿಲ್ಲ. ಕಣ್ಣಿಗೆ ಕಾಣುವ ಬೆಳಕನ್ನು ಬಹುಪಾಲು ತಡೆದು, ಕೆಂಪನ್ನೂ ಶಾಖದ ಕಿರಣವನ್ನೂ ಬಿಟ್ಟುಕೊಡುತ್ತದೆ. ಕಾಯಿಲ್ ಇರುವ ಒಲೆಯಲ್ಲಿ ಉರಿ ಕೆಂಪಗೆ ಕಂಡು, ಆರಿಸಿದಾಗ ಕಾಯಿಲ್ ಮರೆಯಾಗುವುದು ಇದರಿಂದಲೇ. ಹಾಳೆ ಗಾಜಾಗಿದ್ದಾಗ ಇಷ್ಟು ಕಪ್ಪಿರುವುದಿಲ್ಲ. ಹರಳು ಕಟ್ಟಿಸಲು ಕಾಯಿಸುವಾಗಲೇ ಕಪ್ಪು ಏರುವುದು.